ವಲೆನ್ಸಿಯಾದ ಪ್ರೇಕ್ಷಣೀಯ ತಾಣಗಳು ಮತ್ತು ವರ್ತಕರ ಹೊಣೆ

ಪ್ರವಾಸೋದ್ಯಮವೆಂದರೆ ಹೋಟೆಲು, ಟ್ಯಾಕ್ಸಿ ಹಾಗೂ ಟ್ರಾವೆಲ್ ಏಜೆನ್ಸಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂಬ ಭಾವನೆ ವರ್ತಕ ವಲಯದಲ್ಲಿ ಬಲವಾಗಿ ಬೇರೂರಿದೆ. ಮಂಡಿ ವ್ಯಾಪಾರಿಗೂ, ಜವಳಿಯ ಸಗಟು ವರ್ತಕರಿಗೂ, ಸಣ್ಣ ಕಾರ್ಖಾನೆಯ ಮಾಲೀಕರಿಗೂ ಹಳೆಯ ಕಟ್ಟಡಗಳನ್ನು ನೋಡಲು ಬರುವ ಜನರಿಂದ ಆಗಬೇಕಾದ್ದೇನೂ ಇಲ್ಲವೆಂದು ತಿಳಿಯಲಾಗುತ್ತದೆ. ಸ್ಪೇನ್ ದೇಶದ ಪೂರ್ವ ಕರಾವಳಿಯ ವಲೆನ್ಸಿಯಾ ನಗರವು ಈ ತಿಳಿವಳಿಕೆಯನ್ನು ಮರುಪರಿಶೀಲಿಸುವಂತೆ ಮಾಡುತ್ತದೆ. ಅಲ್ಲಿಯ ಪ್ರಮುಖ ಪ್ರೇಕ್ಷಣೀಯ ತಾಣಗಳಲ್ಲಿ ಹಲವು ಅರಸರ ಅರಮನೆಗಳಲ್ಲ. ವರ್ತಕರು, ನೇಕಾರರು ಮತ್ತು ರೈತರು ತಮ್ಮ ವ್ಯವಹಾರಕ್ಕಾಗಿ ರೂಪಿಸಿಕೊಂಡ ಸಂಸ್ಥೆಗಳು. ಅವುಗಳ ಏಳುಬೀಳುಗಳಲ್ಲಿ ವಾಣಿಜ್ಯ ಸಮುದಾಯವು ಗಮನಿಸಬೇಕಾದ ಪಾಠವಿದೆ.

ನಂಬಿಕೆಯ ಮೇಲೆ ನಿಂತ ಭವನ

ವಲೆನ್ಸಿಯಾದ ಹಳೆಯ ಪೇಟೆಯ ನಡುವೆ ‘ಲೋನ್ಹಾ’ ಎಂದು ಕರೆಯಲ್ಪಡುವ ರೇಷ್ಮೆ ವಿನಿಮಯ ಭವನವಿದೆ. ಇದರ ನಿರ್ಮಾಣ 1482ರಲ್ಲಿ ಆರಂಭವಾಯಿತು. ಶಿಲ್ಪಿ ಪೆರೆ ಕೊಂಪ್ತೆಯ ನೇತೃತ್ವದಲ್ಲಿ ಇದರ ಮುಖ್ಯ ಸಭಾಂಗಣವು 1498ರ ವೇಳೆಗೆ ಸಿದ್ಧವಾಯಿತು. ಹಗ್ಗದಂತೆ ಹೊಸೆದುಕೊಂಡು ಮೇಲೇರುವ ಕಲ್ಲಿನ ಕಂಬಗಳನ್ನು ನೋಡಲು ಜಗತ್ತಿನ ಎಲ್ಲೆಡೆಗಳಿಂದ ಜನ ಬರುತ್ತಾರೆ. 1996ರಲ್ಲಿ ಯುನೆಸ್ಕೊ ಸಂಸ್ಥೆಯು ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ವರ್ತಕರ ಕಣ್ಣಿಗೆ ಬೀಳಬೇಕಾದ್ದು ಕಂಬಗಳಿಗಿಂತ ಗೋಡೆಯ ಮೇಲಿನ ಬರಹ. ಮಾತಿನಲ್ಲಿ ವಂಚನೆ ಮಾಡದ, ಕೊಟ್ಟ ಆಣೆಗೆ ತಪ್ಪದ, ಅನ್ಯಾಯದ ಬಡ್ಡಿಗೆ ಹಣ ಕೊಡದ ವರ್ತಕನಿಗೆ ಸಂಪತ್ತೂ ಸದ್ಗತಿಯೂ ದೊರೆಯುವುದೆಂಬ ಅರ್ಥದ ಲ್ಯಾಟಿನ್ ಸಾಲುಗಳು ಸಭಾಂಗಣದ ಸುತ್ತ ಸುವರ್ಣಾಕ್ಷರಗಳಲ್ಲಿವೆ. ಈ ನೀತಿಯನ್ನು ಗೋಡೆಗಷ್ಟೇ ಬಿಟ್ಟಿರಲಿಲ್ಲ. 1283ರಲ್ಲಿ ಸ್ಥಾಪಿತವಾಗಿದ್ದ ಕಡಲ ವಾಣಿಜ್ಯ ನ್ಯಾಯಾಲಯಕ್ಕೂ ಈ ಭವನದಲ್ಲಿ ಸ್ಥಾನವಿತ್ತು. ವ್ಯಾಪಾರದ ವ್ಯಾಜ್ಯಗಳನ್ನು ವ್ಯಾಪಾರ ಬಲ್ಲವರೇ ಶೀಘ್ರವಾಗಿ ಇತ್ಯರ್ಥಪಡಿಸುವ ವ್ಯವಸ್ಥೆ ಅದು. ಸಾಲ ತೀರಿಸದೆ ತಪ್ಪಿದ ವರ್ತಕರಿಗೆ ಇದೇ ಕಟ್ಟಡದ ಗೋಪುರ ಸೆರೆಮನೆಯಾಗಿತ್ತು. ದೂರದೇಶದ ವ್ಯಾಪಾರಿಯು ಈ ಬಂದರಿನಲ್ಲಿ ನಿರ್ಭಯವಾಗಿ ಸರಕು ಇಳಿಸಬೇಕಾದರೆ ತೂಕ, ಮಾತು ಮತ್ತು ನ್ಯಾಯ ಮೂರೂ ನೆಟ್ಟಗಿರಬೇಕೆಂಬುದನ್ನು ಆ ನಗರ ಅರಿತಿತ್ತು.

ಆದರೆ ಯಾವ ಸರಕಿನ ಹೆಸರನ್ನು ಈ ಭವನ ಹೊತ್ತಿದೆಯೋ ಆ ಸರಕಿನ ವ್ಯಾಪಾರ ಇಂದು ಅಲ್ಲಿಲ್ಲ. ಕರ್ನಾಟಕದ ರೇಷ್ಮೆ ಬೆಳೆಗಾರರಿಗೂ ಪರಿಚಿತವಾದ ಪೆಬ್ರಿನ್ ರೋಗವು 19ನೇ ಶತಮಾನದ ಮಧ್ಯಭಾಗದಲ್ಲಿ ಯುರೋಪಿನ ಹುಳು ಸಾಕಣೆಯನ್ನು ನೆಲಕಚ್ಚಿಸಿತು. ವಲೆನ್ಸಿಯಾದ ಹೊಲಗಳಲ್ಲಿ ಹಿಪ್ಪುನೇರಳೆಯ ಸ್ಥಾನವನ್ನು ಕಿತ್ತಳೆ ಆಕ್ರಮಿಸಿತು. ಭವನ ಉಳಿಯಿತು, ಬಾಳು ಹೋಯಿತು. ಈಗ ಅದು ನೋಡಿ ಹೊರಬರುವ ಸ್ಥಳ.

ಇನ್ನೂ ದುಡಿಯುತ್ತಿರುವ ಪರಂಪರೆ

ಲೋನ್ಹಾದ ಎದುರಿನಲ್ಲಿಯೇ 1928ರಲ್ಲಿ ಉದ್ಘಾಟನೆಗೊಂಡ ಕೇಂದ್ರ ಮಾರುಕಟ್ಟೆಯಿದೆ. ಕಬ್ಬಿಣ, ಗಾಜು ಮತ್ತು ಬಣ್ಣದ ಹೆಂಚುಗಳ ಈ ಕಟ್ಟಡವೂ ಪ್ರವಾಸಿಗರ ಪಟ್ಟಿಯಲ್ಲಿ ತಪ್ಪದೆ ಇರುತ್ತದೆ. ಆದರೆ ಇಲ್ಲಿ ಮೀನು, ಹಣ್ಣು, ತರಕಾರಿ, ಮಾಂಸಗಳ ವ್ಯಾಪಾರ ಇಂದಿಗೂ ನಡೆಯುತ್ತಿದೆ. ಮಳಿಗೆದಾರರು 1996ರಲ್ಲಿಯೇ ಕಂಪ್ಯೂಟರ್ ಮೂಲಕ ಬೇಡಿಕೆ ಪಡೆದು ಮನೆಗೆ ಸರಕು ತಲುಪಿಸುವ ವ್ಯವಸ್ಥೆಯನ್ನು ಆರಂಭಿಸಿದರು. ಊರಿನ ಗಿರಾಕಿಯನ್ನು ಕೈಬಿಡಬಾರದೆಂಬ ಎಚ್ಚರ ಅದರಲ್ಲಿತ್ತು.

ಹತ್ತಿರದ ಪ್ರಧಾನ ಚರ್ಚಿನ ಬಾಗಿಲಿನಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ನೀರಿನ ನ್ಯಾಯಮಂಡಳಿ ಸೇರುತ್ತದೆ. ತುರಿಯಾ ನದಿಯ ಎಂಟು ಕಾಲುವೆಗಳ ರೈತರು ಚುನಾಯಿಸಿದ ಪ್ರತಿನಿಧಿಗಳು ನೀರಾವರಿಯ ತಕರಾರುಗಳನ್ನು ಬಾಯಿಮಾತಿನಲ್ಲಿಯೇ ವಿಚಾರಿಸಿ, ಅಲ್ಲಿಯೇ ತೀರ್ಪು ನೀಡುತ್ತಾರೆ. ವಕೀಲರ ವಾದವಿಲ್ಲ, ಕಡತಗಳ ರಾಶಿಯಿಲ್ಲ. 2009ರಲ್ಲಿ ಯುನೆಸ್ಕೊ ಮಾನ್ಯ ಮಾಡಿದ ಈ ಪದ್ಧತಿಯನ್ನು ನೋಡಲು ಜನ ಮುಗಿಬೀಳುತ್ತಾರೆ. ಆದರೂ ಅದು ನಡೆಯುವುದು ನೋಡುವವರಿಗಾಗಿ ಅಲ್ಲ.

ಹೊಸ ಆಕರ್ಷಣೆಗಳ ಬೆಲೆ

ಇದೇ ನಗರವು ಬೇರೊಂದು ದಾರಿಯನ್ನೂ ತುಳಿದಿದೆ. 1957ರ ಪ್ರವಾಹದ ನಂತರ ತುರಿಯಾ ನದಿಯ ಪಾತ್ರವನ್ನು ನಗರದ ದಕ್ಷಿಣಕ್ಕೆ ತಿರುಗಿಸಲಾಯಿತು. ಹಳೆಯ ಪಾತ್ರದಲ್ಲಿ ಉದ್ಯಾನವೂ, ಅದರ ಒಂದು ತುದಿಯಲ್ಲಿ 1998ರಿಂದ ಹಂತಹಂತವಾಗಿ ತೆರೆದ ಕಲೆ ಮತ್ತು ವಿಜ್ಞಾನಗಳ ನಗರಿಯೂ ಮೈದಳೆದವು. ಈ ನಗರಿಯು ಪ್ರವಾಸಿಗರನ್ನು ಸೆಳೆದದ್ದು ನಿಜ. ಆದರೆ ವೆಚ್ಚವು ಮೂಲ ಅಂದಾಜಿನ ಹಲವು ಪಟ್ಟಿಗೆ ಏರಿ, ಸಾರ್ವಜನಿಕ ಬೊಕ್ಕಸಕ್ಕೆ ಹೊರೆಯಾಯಿತು. 2005ರಲ್ಲಿ ಉದ್ಘಾಟನೆಯಾದ ಸಂಗೀತ ನಾಟಕ ಭವನದ ಹೊರಮೈಯ ಹೊದಿಕೆ 2013ರಲ್ಲಿಯೇ ಕಳಚಿ ಬೀಳತೊಡಗಿ, ಭವನವನ್ನು ಕೆಲಕಾಲ ಮುಚ್ಚಬೇಕಾಯಿತು. ಇದರ ಎದುರಿಗೆ ನೇಕಾರರ ಸಂಘದ ಹಳೆಯ ಕಟ್ಟಡವನ್ನು ಇಟ್ಟು ನೋಡಬಹುದು. ಶಿಥಿಲವಾಗಿದ್ದ ಅದನ್ನು ಚಿಲ್ಲರೆ ವ್ಯಾಪಾರದಲ್ಲಿ ಬೆಳೆದ ಕುಟುಂಬವೊಂದರ ಒರ್ತೆನ್ಸಿಯಾ ಎರ್ರೆರೊ ಪ್ರತಿಷ್ಠಾನವು ದುರಸ್ತಿಗೊಳಿಸಿತು. 2016ರಲ್ಲಿ ಅದು ರೇಷ್ಮೆ ವಸ್ತುಸಂಗ್ರಹಾಲಯವಾಗಿ ತೆರೆಯಿತು. ವರ್ತಕರು ಕಟ್ಟಿದ್ದನ್ನು ವರ್ತಕರ ಹಣವೇ ಉಳಿಸಿತು.

ಜನಸಂದಣಿಯೇ ಲಾಭವಲ್ಲ

ನೋಡುಗರ ಸಂಖ್ಯೆ ಹೆಚ್ಚಿದಷ್ಟೂ ವ್ಯಾಪಾರ ಹೆಚ್ಚುವುದೆಂಬ ಲೆಕ್ಕವೂ ಪೂರ್ಣ ಸತ್ಯವಲ್ಲ. ಅದೇ ಕರಾವಳಿಯ ಬಾರ್ಸಿಲೋನಾದ ಬೊಕೆರಿಯಾ ಮಾರುಕಟ್ಟೆಯಲ್ಲಿ ಫೋಟೊ ತೆಗೆಯುವವರ ನೂಕುನುಗ್ಗಲಿನಿಂದ ದಿನನಿತ್ಯದ ಗಿರಾಕಿಗಳು ಒಳಬರುವುದೇ ಕಷ್ಟವಾಯಿತು. 2015ರಲ್ಲಿ ಶುಕ್ರವಾರ ಮತ್ತು ಶನಿವಾರಗಳ ವ್ಯಾಪಾರದ ವೇಳೆಯಲ್ಲಿ ದೊಡ್ಡ ಪ್ರವಾಸಿ ಗುಂಪುಗಳ ಪ್ರವೇಶವನ್ನು ನಿರ್ಬಂಧಿಸಬೇಕಾಯಿತು. ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ 10 ಸಾವಿರಕ್ಕೂ ಹೆಚ್ಚು ಮನೆಗಳ ಪರವಾನಗಿಯನ್ನು 2028ರ ನವೆಂಬರ್ ವೇಳೆಗೆ ಕೊನೆಗಾಣಿಸುವುದಾಗಿ ಆ ನಗರ 2024ರಲ್ಲಿ ಪ್ರಕಟಿಸಿತು. ನಿವಾಸಿಗಳು ಬಾಡಿಗೆ ತೆರಲಾರದೆ ಹಳೆಯ ಪೇಟೆಯನ್ನು ತೊರೆದರೆ, ದಿನಸಿ ಅಂಗಡಿ, ಬಡಗಿಯ ಕಾರ್ಯಾಗಾರ, ದರ್ಜಿಯ ಮಳಿಗೆಗಳು ಯಾರನ್ನು ನಂಬಿ ಬಾಗಿಲು ತೆರೆಯಬೇಕು? ಎಲ್ಲೆಡೆ ನೆನಪಿನ ಕಾಣಿಕೆಗಳ ಅಂಗಡಿಗಳೇ ತುಂಬಿಕೊಂಡ ಪೇಟೆಯಲ್ಲಿ ಪ್ರವಾಸಿಗನಿಗೂ ನೋಡಲು ವಿಶೇಷವೇನೂ ಉಳಿಯದು.

ಆದ್ದರಿಂದ ಪ್ರವಾಸೋದ್ಯಮದ ಯೋಜನೆಯನ್ನು ಸರ್ಕಾರಿ ಇಲಾಖೆಗಳಿಗೂ ಹೋಟೆಲು ಉದ್ಯಮಕ್ಕೂ ಮಾತ್ರ ಬಿಟ್ಟುಕೊಡುವುದು ವರ್ತಕರಿಗೆ ಹಿತವಲ್ಲ. ಹಳೆಯ ಮಾರುಕಟ್ಟೆಯ ದುರಸ್ತಿಯ ಪ್ರಶ್ನೆ ಬಂದಾಗ ಅಲ್ಲಿಯ ಮಳಿಗೆದಾರರ ವ್ಯಾಪಾರ ಮುಂದುವರಿಯಬೇಕೆಂಬುದು ಮೊದಲ ಷರತ್ತಾಗಬೇಕು. ಪ್ರವೇಶದ ವೇಳೆ, ಗುಂಪಿನ ಗಾತ್ರ, ಬಾಡಿಗೆಯ ನಿಯಮಗಳನ್ನು ನಿಗದಿಪಡಿಸುವ ಸಭೆಗಳಲ್ಲಿ ವಾಣಿಜ್ಯ ಸಂಘಗಳಿಗೆ ಸ್ಥಾನವಿರಬೇಕು. ಆ ಸ್ಥಾನವನ್ನು ಕೇಳುವವರು ಸಂರಕ್ಷಣೆಯ ವೆಚ್ಚದಲ್ಲಿಯೂ ಪಾಲು ಹೊರಲು ಸಿದ್ಧರಿರಬೇಕು.

ಲೋನ್ಹಾ ಮತ್ತು ಕೇಂದ್ರ ಮಾರುಕಟ್ಟೆಗಳ ನಡುವೆ ಇರುವುದು ಒಂದು ಸಣ್ಣ ಚೌಕದ ಅಂತರ ಮಾತ್ರ. ಒಂದು ಕಡೆ ಸತ್ಯಸಂಧ ವ್ಯಾಪಾರದ ನೀತಿ ಗೋಡೆಯ ಮೇಲಿದೆ. ಇನ್ನೊಂದು ಕಡೆ ವ್ಯಾಪಾರವೇ ಇದೆ. ಪರಂಪರೆಯ ರಕ್ಷಣೆಯೆಂದರೆ ಎರಡನೆಯದು ಮೊದಲನೆಯದರಂತೆ ಬರಿದಾಗದಂತೆ ನೋಡಿಕೊಳ್ಳುವುದು. ಆ ಹೊಣೆ ಪ್ರವಾಸಿಗನದಲ್ಲ, ಪೇಟೆಯವರದು.