ಸುಡುವ ಮೊದಲು ಇಪ್ಪತ್ತು ನಿಮಿಷ ಕೊಡಿ

ನನ್ನ ದೊಡ್ಡಣ್ಣನ ಹೊಟ್ಟೆಯಲ್ಲಿ ಮೂರು ಕಿಡ್ನಿಗಳಿವೆ. ಎರಡು ಅವನವೇ, ಕೆಲಸ ನಿಲ್ಲಿಸಿದವು. ಮೂರನೆಯದು ಅತ್ತಿಗೆಯದು. ಹಾಳಾದದ್ದನ್ನು ಕಿತ್ತು ಅದೇ ಜಾಗಕ್ಕೆ ಹೊಸದನ್ನು ಕೂರಿಸುತ್ತಾರೆ ಎಂದು ನಮ್ಮೂರು ಸಂಸೆಯಲ್ಲಿ ಈಗಲೂ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಹಳೆಯವನ್ನು ಸಾಮಾನ್ಯವಾಗಿ ಇದ್ದಲ್ಲೇ ಬಿಡುತ್ತಾರೆ. ಹೊಸದನ್ನು ಕಿಬ್ಬೊಟ್ಟೆಯ ಒಂದು ಬದಿಗೆ ಇಟ್ಟು, ಅದರ ರಕ್ತನಾಳಗಳನ್ನು ಅಲ್ಲಿನ ದೊಡ್ಡ ನಾಳಗಳಿಗೆ ಹೊಲಿದು, ಮೂತ್ರನಾಳವನ್ನು ಮೂತ್ರಕೋಶಕ್ಕೆ ಸೇರಿಸುತ್ತಾರೆ. ಅಣ್ಣ ಅಂಗಿ ಎತ್ತಿದರೆ ಬಲಗಡೆ ಸ್ವಲ್ಪ ಉಬ್ಬಿರುವುದು ಕಾಣುತ್ತದೆ, ಮುಟ್ಟಿದರೆ ಕೈಗೂ ಸಿಗುತ್ತದೆ.

ಆಪರೇಷನ್ ಮುಗಿದರೆ ಎಲ್ಲ ಮುಗಿಯಿತು ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ ಅಣ್ಣ ಟ್ಯಾಕ್ರೋಲಿಮಸ್ ಮಾತ್ರೆ ನುಂಗಲೇಬೇಕು, ಅದೂ ಆ ಕಿಡ್ನಿ ಇರುವಷ್ಟು ಕಾಲ. ಬೇರೆಯವರ ಅಂಗ ಒಳಗೆ ಬಂದರೆ ನಮ್ಮ ಮೈಯ ರಕ್ಷಣಾ ವ್ಯವಸ್ಥೆ ಅದನ್ನು ರೋಗಾಣುವಿನಂತೆಯೇ ಕಂಡು ಮೇಲೆ ಬೀಳುತ್ತದೆ. 1954ರಲ್ಲಿ ಬಾಸ್ಟನ್ನಿನಲ್ಲಿ ಮೊದಲ ಬಾರಿಗೆ ಕಿಡ್ನಿ ಕಸಿ ಯಶಸ್ವಿಯಾದದ್ದು ತದ್ರೂಪಿ ಅವಳಿ ಅಣ್ಣತಮ್ಮಂದಿರ ನಡುವೆ ಆದ್ದರಿಂದಲೇ. ಮಿಕ್ಕವರಿಗೆ ಮಾತ್ರೆಯೇ ಗತಿ. ಮಾತ್ರೆ ಮೈಯ ರಕ್ಷಣಾ ಶಕ್ತಿಯನ್ನು ತಗ್ಗಿಸಿಡುವುದರಿಂದ ಸೋಂಕು ಬೇಗ ತಗಲುತ್ತದೆ. ಹುಟ್ಟಿದಾಗಿನಿಂದ ಕಾಫಿ ತೋಟದಲ್ಲೇ ಬೆಳೆದ ಮನುಷ್ಯ ಈಗ ಗೊಬ್ಬರದ ಗುಂಡಿಯ ಹತ್ತಿರ ಸುಳಿಯುವಂತಿಲ್ಲ, ಕೊಳೆತ ದರಗು ಕೆದಕುವಂತಿಲ್ಲ. ಹಿತ್ತಲ ಮರದ ಚಕ್ಕೋತ ಹಣ್ಣನ್ನೂ ಡಾಕ್ಟರು ಬಿಡಿಸಿದ್ದಾರೆ. ಅದು ರಕ್ತದಲ್ಲಿ ಆ ಮಾತ್ರೆಯ ಪ್ರಮಾಣವನ್ನು ಏರಿಸುತ್ತದೆಯಂತೆ. ಆದರೂ ಅಣ್ಣ ನಮ್ಮ ಜೊತೆ ಕೂತು ಊಟ ಮಾಡುತ್ತಾನೆ, ಮೊಮ್ಮಗಳನ್ನು ಶಾಲೆಯ ವ್ಯಾನು ಹತ್ತಿಸುತ್ತಾನೆ. ವಾರಕ್ಕೆ ಮೂರು ಸಲದ ಡಯಾಲಿಸಿಸ್ ನೋಡಿದವರಿಗೆ ಇದರ ಬೆಲೆ ಗೊತ್ತು.

ಈಗ ಅತ್ತಿಗೆಯ ಮಾತು. ಅವರನ್ನು ಯಾರೂ ಒತ್ತಾಯಿಸಲಿಲ್ಲ. ಆದರೆ ಬೇಡ ಎನ್ನಲು ಆ ಮನೆಯಲ್ಲಿ ದಾರಿಯೂ ಇರಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ರಿಪೋರ್ಟಿನ ಕವರು ಹಿಡಿದು ಕೂತಿದ್ದ ದಾನಿಗಳಲ್ಲಿ ನನಗೆ ಕಂಡವರು ಹೆಚ್ಚಾಗಿ ತಾಯಂದಿರು, ಹೆಂಡಂದಿರು, ಅಕ್ಕಂದಿರು. ದೇಶದ ಲೆಕ್ಕವೂ ಬೇರೆ ಹೇಳುವುದಿಲ್ಲ: ಬದುಕಿದ್ದಾಗಲೇ ಅಂಗ ಕೊಡುವವರಲ್ಲಿ ಹೆಂಗಸರು ಹೆಚ್ಚು, ಪಡೆಯುವವರಲ್ಲಿ ಗಂಡಸರು ಹೆಚ್ಚು. ಸತ್ತ ಮೇಲೆ ಕೊಡುವವರು ನಮ್ಮಲ್ಲಿ ತೀರಾ ಕಡಿಮೆ. ಅದರ ಭಾರವೆಲ್ಲ ಬದುಕಿರುವವರ ಮೇಲೆ, ಅದರಲ್ಲೂ ಮನೆಯ ಹೆಂಗಸರ ಮೇಲೆ ಬೀಳುತ್ತಿದೆ. ಇದು ನ್ಯಾಯವಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಸತ್ತ ಮೇಲೆ ಕೊಡುವುದಕ್ಕೆ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೇ ದೊಡ್ಡ ಮಾದರಿಗಳಿವೆ. ಕಡೂರು ತಾಲ್ಲೂಕಿನ ಪಂಚನಹಳ್ಳಿಯವರಾದ ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡಾಗ ಮನೆಯವರು ಅವರ ಅಂಗಗಳನ್ನು ದಾನ ಮಾಡಿದರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅದೇ ತಾಲ್ಲೂಕಿನ ಪಿಯುಸಿ ಹುಡುಗಿಯೊಬ್ಬಳು ಬಸ್ಸಿನಿಂದ ಬಿದ್ದು ಮಿದುಳು ನಿಷ್ಕ್ರಿಯವಾದಾಗ ಅವಳ ತಂದೆತಾಯಿ ಒಪ್ಪಿದರು. ಅವಳ ಹೃದಯ ಚಿಕ್ಕಮಗಳೂರಿನಿಂದ ಹೆಲಿಕಾಪ್ಟರಿನಲ್ಲಿ ಬೆಂಗಳೂರಿಗೆ ಹೋಯಿತು. ಹೃದಯ ಹೊರಗೆ ತಡೆಯುವುದು ನಾಲ್ಕರಿಂದ ಆರು ಗಂಟೆ ಅಷ್ಟೇ. ಕಿಡ್ನಿಯಾದರೆ ಒಂದು ದಿನವಾದರೂ ತಡೆಯುತ್ತದೆ.

ಮಿದುಳಿನ ಸಾವನ್ನು ಒಪ್ಪುವುದು ಸುಲಭವಲ್ಲ. ವೆಂಟಿಲೇಟರ್ ಉಸಿರಾಡಿಸುತ್ತಿರುತ್ತದೆ, ಎದೆ ಏರಿಳಿಯುತ್ತಿರುತ್ತದೆ, ಕೈ ಬೆಚ್ಚಗಿರುತ್ತದೆ. ಯಾವ ತಾಯಿ ತಾನೆ ನಂಬಿಯಾಳು? ಅದಕ್ಕೇ 1994ರ ಅಂಗ ಕಸಿ ಕಾನೂನು ಬಿಗಿಯಾಗಿದೆ. ನಾಲ್ವರು ವೈದ್ಯರು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸಹಿ ಹಾಕಬೇಕು. ಕಸಿ ಮಾಡುವ ತಂಡದವರು ಅವರಲ್ಲಿ ಇರುವಂತಿಲ್ಲ. ಕೋಮಾದಿಂದ ಮರಳಿ ಬಂದವರಿದ್ದಾರೆ, ಮಿದುಳಿನ ಸಾವಿನಿಂದ ಯಾರೂ ಮರಳುವುದಿಲ್ಲ. ಕರ್ನಾಟಕದಲ್ಲಿ ಆ ಅಂಗ ಯಾರಿಗೆ ಎಂಬುದನ್ನು ‘ಜೀವಸಾರ್ಥಕತೆ’ ಸಂಸ್ಥೆ ಕಾಯುವವರ ಪಟ್ಟಿ ನೋಡಿ ತೀರ್ಮಾನಿಸುತ್ತದೆ. ಮೆಣಸು ಕೊಯ್ಯುವಾಗ ಏಣಿ ಜಾರಿ ಸಿಲ್ವರ್ ಮರದಿಂದ ಬಿದ್ದವರನ್ನು, ಘಾಟಿಯ ತಿರುವಿನಲ್ಲಿ ಬೈಕ್ ಉರುಳಿದವರನ್ನು ನಾವು ಮಣಿಪಾಲಕ್ಕೋ ಮಂಗಳೂರಿಗೋ ಸಾಗಿಸುತ್ತಲೇ ಇರುತ್ತೇವೆ. ಆ ಐಸಿಯು ಬಾಗಿಲಲ್ಲಿ ಅಂಗ ಕೊಡುತ್ತೀರಾ ಎಂಬ ಪ್ರಶ್ನೆ ನಮ್ಮಲ್ಲಿ ಯಾರಿಗೆ ಬೇಕಾದರೂ ಬರಬಹುದು.

ಆದರೆ ನಮ್ಮ ಕಡೆ ಹೆಚ್ಚಿನವರು ಸಾಯುವುದು ಮನೆಯಲ್ಲಿ, ವಯಸ್ಸಾಗಿ. ಆಗ ಹೃದಯ, ಕಿಡ್ನಿ, ಲಿವರ್ ಕೊಡಲಾಗುವುದಿಲ್ಲ, ರಕ್ತ ನಿಂತ ಸ್ವಲ್ಪ ಹೊತ್ತಿಗೇ ಅವು ಕೆಡುತ್ತವೆ. ಚರ್ಮ ಕೊಡಬಹುದು, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಅದಕ್ಕೆ ಬ್ಯಾಂಕೂ ಇದೆ, ಸಂಸೆಯಿಂದ ಅದು ದೂರದ ಮಾತು. ಕಣ್ಣು ಮಾತ್ರ ನಮ್ಮ ಕೈಯಲ್ಲಿದೆ. ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ. ಹಾಗಾಗಿ ಸಾವಿನ ನಂತರ ಆರು ಗಂಟೆಯವರೆಗೆ ತೆಗೆಯಬಹುದು, ರಕ್ತದ ಗುಂಪು ಹೊಂದಬೇಕೆಂದೂ ಇಲ್ಲ. ಕನ್ನಡಕ ಹಾಕಿದವರು, ಪೊರೆ ಆಪರೇಷನ್ ಆದವರು, ಸಕ್ಕರೆ ಕಾಯಿಲೆಯವರು ಎಲ್ಲರೂ ಕೊಡಬಹುದು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಾರಾಯಣ ನೇತ್ರಾಲಯದ ವೈದ್ಯರು ಅವರ ಎರಡು ಕಾರ್ನಿಯಾಗಳ ಮುಂದಿನ ಮತ್ತು ಹಿಂದಿನ ಪದರಗಳನ್ನು ಬೇರ್ಪಡಿಸಿ ನಾಲ್ವರಿಗೆ ಕೂರಿಸಿದರು. ಆಗ ನಮ್ಮೂರಿನಲ್ಲೂ ಹುಡುಗರು ಪ್ರತಿಜ್ಞಾಪತ್ರ ತುಂಬಿದರು. ಪತ್ರ ಬೀರುವಿನಲ್ಲಿದ್ದರೆ ಸಾಲದು. ಮನೆಯವರು ಒಪ್ಪಬೇಕು, ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕು.

ಪಕ್ಕದ ಮನೆಯ ದೊಡ್ಡಮ್ಮ ಕಣ್ಣು ಕೊಡುತ್ತೇನೆಂದು ಎಲ್ಲರೆದುರೂ ಹೇಳುತ್ತಿದ್ದರು. ಒಂದು ಜುಲೈ ತಿಂಗಳ ಜಡಿಮಳೆಯಲ್ಲಿ ಹೋದರು. ಅವರ ಮಗ ಸಿಗ್ನಲ್ ಸಿಗುವ ಗುಡ್ಡಕ್ಕೆ ಓಡಿ ಫೋನ್ ಮಾಡಿದ. ಸೊಸೆ ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ, ತಲೆಯ ಕೆಳಗೆ ದಿಂಬು ಕೊಟ್ಟಳು. ಹೇಳಿಕೊಟ್ಟದ್ದನ್ನೆಲ್ಲ ತಪ್ಪದೆ ಮಾಡಿದಳು. ತಂಡ ಬರಲು ಒಪ್ಪಿತ್ತು. ಘಾಟಿಯಲ್ಲಿ ಮರ ಬಿದ್ದು ರಸ್ತೆ ಬಂದ್ ಆಯಿತು, ಆರು ಗಂಟೆ ದಾಟಿತು. ಕಣ್ಣು ಚಿತೆಯ ಪಾಲಾಯಿತು.

ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡರಾಗುತ್ತಾರೆ ಎನ್ನುವವರಿಗೆ ನಾನು ಹೇಳುವುದಿಷ್ಟೆ: ಬೇಡರ ಕಣ್ಣಪ್ಪನ ಕಥೆ ಕೇಳಿ ಬೆಳೆದವರು ನಾವು, ಕಣ್ಣು ಕೊಟ್ಟವನನ್ನು ಶಿವ ಕೈಬಿಡಲಿಲ್ಲ. ಹೆಣ ಕಾಯಿಸಬಾರದು ಎನ್ನುವವರೂ ಇದ್ದಾರೆ. ಬೆಂಗಳೂರಿನ ಮಗ ಬರಲಿ ಎಂದು ರಾತ್ರಿಯಿಡೀ ಕಾಯಿಸುವುದಿಲ್ಲವೇ? ಕಾರ್ನಿಯಾ ತೆಗೆಯಲು ಬೇಕಾದದ್ದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಮುಖ ಕೆಡುವುದಿಲ್ಲ.

ಜನ ಒಪ್ಪಿದರೂ ದಾರಿ ಒಪ್ಪಬೇಕಲ್ಲ. ಮಣಿಪಾಲದಿಂದ ಬಜಗೋಳಿ, ಕುದುರೆಮುಖದ ಮೇಲೆ, ಇಲ್ಲವೇ ಚಿಕ್ಕಮಗಳೂರಿನಿಂದ ಕೊಟ್ಟಿಗೆಹಾರದ ಮೇಲೆ ತಂಡ ಮಳೆಗಾಲದಲ್ಲಿ ಆರು ಗಂಟೆಯೊಳಗೆ ಬಂದು ಮುಟ್ಟುವುದನ್ನು ನೆಚ್ಚಿಕೊಳ್ಳಲಾಗದು. ಅಂಗ ಕಸಿ ಕಾನೂನಿನ 2011ರ ತಿದ್ದುಪಡಿಯ ನಂತರ ಕಾರ್ನಿಯಾ ತೆಗೆಯಲು ವೈದ್ಯರೇ ಬರಬೇಕೆಂದಿಲ್ಲ, ತರಬೇತಾದ ತಂತ್ರಜ್ಞರು ಸಾಕು. ತೆಗೆದದ್ದನ್ನು ಸರಿಯಾದ ದ್ರಾವಣದಲ್ಲಿ, ತಂಪಿನಲ್ಲಿ ಇಟ್ಟರೆ ದಿನಗಟ್ಟಲೆ ಉಳಿಯುತ್ತದೆ, ರಸ್ತೆ ತೆರೆದ ಮೇಲೆ ಕಳಿಸಬಹುದು. ಜಿಲ್ಲಾ ಆರೋಗ್ಯಾಧಿಕಾರಿಗಳು ಕಳಸದ ಸರ್ಕಾರಿ ಆಸ್ಪತ್ರೆಯ ಇಬ್ಬರಿಗೆ ಈ ತರಬೇತಿ ಕೊಡಿಸಿ, ಬೇಕಾದ ಸಾಮಾನು ಅಲ್ಲೇ ಇರುವಂತೆ ಮುಂದಿನ ಮಳೆಗಾಲದೊಳಗೆ ಮಾಡಬೇಕು. ಓದುಗರು ಇಂದು ರಾತ್ರಿ ಊಟಕ್ಕೆ ಕೂತಾಗ ತಮ್ಮ ಇಚ್ಛೆಯನ್ನು ಮನೆಯವರಿಗೆ ಬಾಯಿಬಿಟ್ಟು ಹೇಳಿಬಿಡಬೇಕು.