ಎರಡು ದೇಶ, ಎರಡು ಗ್ರಂಥ

ತತ್ತ್ವಶಾಸ್ತ್ರವನ್ನು ಮನೆಯಲ್ಲಿಯೇ ಅಭ್ಯಾಸ ಮಾಡಬೇಕೆಂಬ ಹಂಬಲವುಳ್ಳವರಿಗೆ ಮೊದಲ ತೊಡಕು ಒದಗುವುದು ಪುಸ್ತಕದಂಗಡಿಯಲ್ಲಿ. ಭಾರತ, ಚೀನಾಗಳ ದರ್ಶನಗಳನ್ನು ಜೊತೆಗೂಡಿಸಿ ಓದಬಯಸುವವರಿಗಂತೂ ಅದು ಇಮ್ಮಡಿ. ಇತಿಹಾಸಗ್ರಂಥವನ್ನು ಹಿಡಿದರೆ ದೊರೆಯುವುದು ಇನ್ನೊಬ್ಬರ ಅಭಿಪ್ರಾಯ. ಮೂಲಗಳನ್ನೆಲ್ಲ ಓದುವೆನೆಂದು ಹೊರಟರೆ ಒಂದು ಆಯುಷ್ಯ ಸಾಲದು. ಉಳಿದ ದಾರಿ ಸಂಕಲನ. ಆದರೆ ಸಂಕಲನಕಾರನು ಕೈಬಿಟ್ಟ ದರ್ಶನವು ಹೊಸ ಓದುಗನ ಪಾಲಿಗೆ ಹುಟ್ಟಿಯೇ ಇಲ್ಲ. ಆದಕಾರಣ ಆಯ್ಕೆಯಲ್ಲಿ ಎಚ್ಚರ ಬೇಕು.

ಎರಡೂ ದೇಶಗಳನ್ನು ಒಂದೇ ಸಂಪುಟದಲ್ಲಿ ಕೊಟ್ಟವರು ಲಿನ್ ಯುಟಾಂಗ್. ೧೯೪೨ರಲ್ಲಿ ಹೊರಬಂದ ಅವರ 'ದಿ ವಿಸ್‌ಡಮ್ ಆಫ್ ಚೈನಾ ಅಂಡ್ ಇಂಡಿಯಾ' ಗ್ರಂಥದಲ್ಲಿ ಋಗ್ವೇದದ ಸೂಕ್ತಗಳು, ಉಪನಿಷತ್ತು, ಗೀತೆ, ಸಂಕ್ಷಿಪ್ತ ರಾಮಾಯಣ, ಪಂಚತಂತ್ರಗಳಿವೆ. ಆ ಕಡೆಯಿಂದ ಲಾವೋತ್ಸೆ, ಕನ್‌ಫ್ಯೂಷಿಯಸ್ ಮೊದಲಾದವರೊಡನೆ ಕವಿತೆ ಕಥೆಗಳೂ ಬಂದಿವೆ. ಊಟವಾದ ಮೇಲೆ ಸುಸಂಸ್ಕೃತನಾದ ಗೆಳೆಯನೊಡನೆ ಹರಟಿದಷ್ಟು ಹಿತ. ಆದರೆ ಅದು ಸಾಹಿತಿಯೊಬ್ಬನ ಆಯ್ಕೆ. ನ್ಯಾಯದ ತರ್ಕವಾಗಲಿ ಮೀಮಾಂಸಕರ ವಾದವಾಗಲಿ ಅಲ್ಲಿ ಸಿಕ್ಕದು. ಅದೊಂದನ್ನೇ ಓದಿ ಮುಗಿಸಿದವನು, ಭಾರತೀಯರು ಭಕ್ತಿ ಮಾಡಿದರು, ಕಥೆ ಹೇಳಿದರು. ಚೀನೀಯರು ಮುಗುಳ್ನಕ್ಕರು ಎಂದು ತಿಳಿದುಕೊಂಡರೆ ತಪ್ಪು ಅವನದಲ್ಲ.

ಅಭ್ಯಾಸಕ್ಕೆ ಒದಗುವಂಥವು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಬಂದ ಎರಡು ಆಕರಗ್ರಂಥಗಳು. ಭಾರತದ್ದನ್ನು ೧೯೫೭ರಲ್ಲಿ ಸಂಪಾದಿಸಿದವರು ರಾಧಾಕೃಷ್ಣನ್ ಮತ್ತು ಚಾರ್ಲ್ಸ್ ಮೂರ್. ೧೯೧೮ರಿಂದ ೧೯೨೧ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ ರಾಧಾಕೃಷ್ಣನ್‌ರವರೇ ಇವರು. ವೇದದಿಂದ ಮೊದಲಾಗಿ ಚಾರ್ವಾಕ, ಜೈನ, ಬೌದ್ಧ, ಷಡ್ದರ್ಶನಗಳನ್ನು ದಾಟಿ ಶ್ರೀ ಅರವಿಂದರವರೆಗೆ ಈ ಗ್ರಂಥದ ವ್ಯಾಪ್ತಿ. ವೇದಾಂತದಲ್ಲಿ ಶಂಕರ, ರಾಮಾನುಜರೊಡನೆ ಉಡುಪಿಯ ಮಧ್ವಾಚಾರ್ಯರಿಗೂ ಸ್ಥಾನವುಂಟು. ವಚನಕಾರರಿಗೆ ಇಲ್ಲ. ಆಧುನಿಕರ ಪೈಕಿ ಸಂಪಾದಕರು ತಮ್ಮ ಬರಹವನ್ನೂ ಸೇರಿಸಿಕೊಂಡಿರುವುದು ಓದುಗನಿಗೆ ತುಸು ನಗು ತರಿಸೀತು.

ಚೀನಾದ್ದು ೧೯೬೩ರದು; ವಿಂಗ್-ತ್ಸಿತ್ ಚಾನ್ ಒಬ್ಬರೇ ಅನುವಾದಿಸಿ, ಟಿಪ್ಪಣಿ ಬರೆದು ಸಿದ್ಧಪಡಿಸಿದ ಗ್ರಂಥ. ಒಬ್ಬನೇ ಅನುವಾದಕನಾದುದರಿಂದ ಒಂದು ಪಾರಿಭಾಷಿಕ ಪದವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೂ ಬೆನ್ನಟ್ಟಿ ನೋಡಬಹುದು. ಭಾರತದ ಸಂಪುಟದಲ್ಲಿ ಅನುವಾದಕರು ಹಲವರು. ಅಲ್ಲಿ ಈ ಅನುಕೂಲವಿಲ್ಲ.

ಇವೆರಡರ ನಡುವೆ ಒಂದು ಸ್ವಾರಸ್ಯವಾದ ಸೇತುವೆಯಿದೆ. ಇಮ್ಮಡಿ ಪುಲಕೇಶಿಯ ನಾಡನ್ನು ಬಣ್ಣಿಸಿದ ಯಾತ್ರಿಕನೆಂದು ಕನ್ನಡಿಗರು ಪಾಠಪುಸ್ತಕದಲ್ಲಿ ಓದಿದ ಹ್ಯುಯೆನ್‌ತ್ಸಾಂಗನು ನಾಲಂದದಲ್ಲಿ ವಿಜ್ಞಾನವಾದವನ್ನು ಕಲಿತು ೬೪೫ರಲ್ಲಿ ಚಾಂಗಾನ್ ನಗರಕ್ಕೆ ಹಿಂದಿರುಗಿದನು; ವಸುಬಂಧುವಿನ ತ್ರಿಂಶಿಕೆಯನ್ನು ಚೀನೀ ಭಾಷೆಗೆ ತಂದನು. ಭಾರತದ ಸಂಪುಟದಲ್ಲಿ ಆ ಮೂವತ್ತು ಕಾರಿಕೆಗಳಿಗೆ ಇಂಗ್ಲಿಷ್ ರೂಪ ಕೊಟ್ಟವರು ಚಾನ್‌ರವರೇ. ಚೀನಾದ ಸಂಪುಟದಲ್ಲಿ ಹ್ಯುಯೆನ್‌ತ್ಸಾಂಗನಿಗೇ ಒಂದು ಅಧ್ಯಾಯವಿದೆ. ಇವೆರಡನ್ನು ಅಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಒಂದು ವಿಚಾರವು ಹಿಮಾಲಯವನ್ನು ದಾಟಿ ಹೋಗಿ ಹೇಗೆ ಬೇರು ಬಿಟ್ಟಿತೆಂಬುದು ಕಣ್ಣಿಗೆ ಕಟ್ಟುತ್ತದೆ. ತರ್ಕದಲ್ಲಿಯೂ ಹೀಗೆ ಓದಬಹುದು: ಬೆಟ್ಟದ ಹೊಗೆಯಿಂದ ಬೆಂಕಿಯನ್ನು ಊಹಿಸುವ ನೈಯಾಯಿಕನ ಎದುರಿಗೆ, ಬಿಳಿಯ ಕುದುರೆಯನ್ನು ಕುದುರೆ ಎನ್ನಬಹುದೇ ಎಂದು ಜಗಳ ತೆಗೆಯುವ ಗುಂಗ್‌ಸುನ್ ಲುಂಗ್‌ನನ್ನು ಕೂರಿಸಬೇಕು.

ಕಾಲ ಕಳೆದಂತೆ ಚಾನ್‌ರ ಗ್ರಂಥಕ್ಕೆ ಕೊರತೆಗಳೂ ಸೇರಿವೆ. ಮಾವಾಂಗ್‌ದುಯಿ ಎಂಬಲ್ಲಿ ೧೯೭೩ರಲ್ಲಿ ರೇಷ್ಮೆಯ ಮೇಲೆ ಬರೆದ ಲಾವೋತ್ಸೆಯ ಪಾಠಗಳೂ, ಗುವೋದಿಯನ್‌ನಲ್ಲಿ ೧೯೯೩ರಲ್ಲಿ ಇನ್ನೂ ಹಳೆಯ ಬಿದಿರ ಪಟ್ಟಿಗಳೂ ಗೋರಿಗಳಿಂದ ಹೊರಬಂದವು. ಪ್ರಾಚೀನ ಚಿಂತಕರ ಮಟ್ಟಿಗೆ ಐವನ್‌ಹೋ ಮತ್ತು ವಾನ್ ನಾರ್ಡನ್ ಸಂಪಾದಿಸಿದ ೨೦೦೧ರ ಸಂಕಲನ ಹೆಚ್ಚು ಹೊಸದು. ಅದರಲ್ಲಿ ಬೌದ್ಧರಿಲ್ಲವಾದ್ದರಿಂದ ಸೇತುವೆ ಮುರಿಯುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದ 'ಸೋರ್ಸಸ್' ಮಾಲೆ ಇತಿಹಾಸದ ವಿದ್ಯಾರ್ಥಿಗೆ ಹೆಚ್ಚು ಒಪ್ಪುತ್ತದೆ.

ಒಂದಕ್ಕೇ ಹಣವಿರುವ ಮನೆಯವರು ಚೀನಾದ ಸಂಪುಟವನ್ನು ಮೊದಲು ಕೊಳ್ಳುವುದು ಲೇಸು. ಗೀತೆ, ಉಪನಿಷತ್ತುಗಳು ಕನ್ನಡದಲ್ಲಿಯೇ ದೊರೆಯುತ್ತವೆ. ದಾರಿ ತೋರಲು ಮೈಸೂರಿನ ಎಂ. ಹಿರಿಯಣ್ಣನವರ ೧೯೩೨ರ 'ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ' ಇದೆ. ಇನ್ನೊಂದು ಮಾತು: ಚಾನ್‌ರ ಗ್ರಂಥದಲ್ಲಿ ಚೀನೀ ಹೆಸರುಗಳು ಹಳೆಯ ಕಾಗುಣಿತದಲ್ಲಿವೆ, ಹೊಸ ಪುಸ್ತಕಗಳಲ್ಲಿ ಬೇರೆ. ಒಬ್ಬನೇ ಚಿಂತಕನು ಇಬ್ಬರಾಗಿ ತೋರದಂತೆ, ಎರಡೂ ರೂಪಗಳನ್ನು ಬರೆದ ಹಾಳೆಯೊಂದನ್ನು ರಟ್ಟಿನೊಳಗೆ ಇಟ್ಟುಕೊಳ್ಳಬೇಕು.