ಕಚೇರಿ ಮುಗಿದ ಮೇಲೆ
ಹೆಂಗಸಿನ ಜೊತೆ ನುಡಿಸುವುದಿಲ್ಲವೆಂದು ಹಟ ಹಿಡಿದ ಮೃದಂಗದವರನ್ನು ಬೆಂಗಳೂರಿನ ಘಟವಾದಕಿ ಸುಕನ್ಯಾ ರಾಮಗೋಪಾಲ್ ಕಂಡಿದ್ದಾರೆ. ಘಟದ ದಿಗ್ಗಜ ವಿಕ್ಕು ವಿನಾಯಕರಾಂ ಅವರಂಥವರ ಶಿಷ್ಯೆಗೇ ಈ ಪಾಡು! ಅವರು ಗೊಣಗುತ್ತ ಕೂರದೆ ‘ಸ್ತ್ರೀ ತಾಲ್ ತರಂಗ್’ ಎಂಬ ಹೆಂಗಸರದೇ ತಂಡ ಕಟ್ಟಿ, ವೇದಿಕೆಯ ಮೂಲೆಯಲ್ಲಿರುತ್ತಿದ್ದ ಘಟವನ್ನು ನಡುವಿಗೆ ತಂದರು. ವೇದಿಕೆಯ ಮೇಲಿನ ಜಾಗ ಹೀಗೆ ಗೆದ್ದಾಯಿತೆನ್ನಿ. ವೇದಿಕೆಯ ಹಿಂದಿನ ಕಥೆಯೇ ಬೇರೆ. 2018ರಲ್ಲಿ ಮೀಟೂ ಆರೋಪಗಳು ಕೇಳಿಬಂದಾಗ ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಕೆಲವು ಕಲಾವಿದರನ್ನು ಡಿಸೆಂಬರ್ ಕಚೇರಿಗಳಿಂದ ಕೈಬಿಟ್ಟಿತು. ಗುರುಭಕ್ತಿಯ ಹೆಸರಲ್ಲಿ ಎಷ್ಟನ್ನು ನುಂಗಿಕೊಳ್ಳಲಾಗಿತ್ತು ಎಂಬುದು ಆಗ ತುಸುವಾದರೂ ಹೊರಬಿತ್ತು. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯೇನೋ ಇದೆ. ಆದರೆ ಅದು ದೂರುದಾರರನ್ನು ‘ಮಹಿಳೆ’ ಎಂದಷ್ಟೇ ಗುರುತಿಸುತ್ತದೆ. ಗಂಡು-ಹೆಣ್ಣೆಂಬ ಎರಡು ಖಾನೆಗಳಲ್ಲಿ ಕೂರದ ಗಾಯಕರು, ವಾದಕರು ಯಾರ ಬಾಗಿಲು ತಟ್ಟಬೇಕು? ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆ ಜೋಗತಿ ಮಂಜಮ್ಮ ಅವರನ್ನು ಜಾನಪದ ಅಕಾಡೆಮಿಯ ಅಧ್ಯಕ್ಷೆಯನ್ನಾಗಿ ಮಾಡಿದ, ಅವರಿಗೆ ಪದ್ಮಶ್ರೀ ಬಂದಾಗ ಬೀಗಿದ ನಾಡು ನಮ್ಮದು. ಸನ್ಮಾನದ ಶಾಲು ಹೊದಿಸುವುದು ನಮಗೆ ಸಲೀಸು. ಬಟ್ಟೆ ಬದಲಿಸಲು ಚಿಲಕವಿರುವ ಕೋಣೆ, ಅಂಜದೆ ಬಳಸಬಹುದಾದ ಶೌಚಾಲಯ, ಕುಡಿದು ಮೈಮೇಲೆ ಬೀಳುವವನನ್ನು ಆಚೆ ಕಳಿಸುವ ಜವಾಬ್ದಾರಿ ಹೊತ್ತ ಒಬ್ಬರು, ರಾತ್ರಿ ಮನೆ ಮುಟ್ಟಿಸುವ ಗಾಡಿ, ಮಾತಾಡಿದಷ್ಟೇ ಸಂಭಾವನೆ, ಇಷ್ಟು ಕೇಳಿದರೆ ಮಾತ್ರ ಸಂಘಟಕರಿಗೆ ಬಜೆಟ್ ನೆನಪಾಗುತ್ತದೆ. ಹೂವಿನ ಅಲಂಕಾರಕ್ಕೆ ಆ ಬಜೆಟ್ ಯಾವತ್ತೂ ಅಡ್ಡ ಬಂದದ್ದಿಲ್ಲ.